ಐದು ನಿಮಿಷದ ಅಳು

ನಮ್ಮ ಮನೆಯ ತೊಟ್ಟಿಲಿಗೆ ಒಂದು ಹಗ್ಗವಿದೆ, ಆ ಹಗ್ಗದ ಇನ್ನೊಂದು ತುದಿ ಎಷ್ಟೋ ತಿಂಗಳಿಂದ ನನ್ನ ಬಲಗಾಲಿನ ಹೆಬ್ಬೆರಳಿಗಿತ್ತು. ನಗಬೇಡಿ. ಮಲಗಿದಲ್ಲಿಂದಲೇ ಕಾಲಾಡಿಸಿದರೆ ತೊಟ್ಟಿಲು ತೂಗುತ್ತದೆ, ಕೂಸು ಮಲಗುತ್ತದೆ, ತಾಯಿಗೂ ಒಂದಿಷ್ಟು ಕಣ್ಣು ಹತ್ತುತ್ತದೆ ಎಂಬುದು ನಮ್ಮ ಕಡೆಯ ಹಳೆಯ ಉಪಾಯ. ಇದರಲ್ಲಿ ತೊಡಕು ಒಂದೇ. ತಾಯಿಗೆ ನಿದ್ದೆ ಹತ್ತಿದರೆ ಕಾಲು ನಿಲ್ಲುತ್ತದೆ, ಕಾಲು ನಿಂತರೆ ತೊಟ್ಟಿಲು ನಿಲ್ಲುತ್ತದೆ, ತೊಟ್ಟಿಲು ನಿಂತರೆ ಕೂಸು ಏಳುತ್ತದೆ. ನಮ್ಮಿಬ್ಬರಲ್ಲಿ ಒಮ್ಮೆಗೆ ಒಬ್ಬರು ಮಾತ್ರ ಮಲಗಬಹುದಿತ್ತು, ಮತ್ತು ಆ ಒಬ್ಬರು ಯಾರೆಂಬುದು ಮೊದಲೇ ತೀರ್ಮಾನವಾಗಿತ್ತು.

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ನನ್ನ ಮಗಳು ನೀಲಾಳಿಗೆ ಒಂಬತ್ತು ತಿಂಗಳಿಗೇ ಅದೇನು ಚಿಂತೆಯೋ, ರಾತ್ರಿಗೆ ಐದಾರು ಸಲ ಏಳುತ್ತಿದ್ದಳು. ಹಸಿವಲ್ಲ, ಜ್ವರವಲ್ಲ, ಹಲ್ಲಿನ ಕಾಟವೂ ಅಲ್ಲ. ಮಕ್ಕಳ ಡಾಕ್ಟರು ಅವಳನ್ನು ತೂಕ ಮಾಡಿ, ಕೂಸು ಗಟ್ಟಿ ಇದೆ, ನೀವೇ ಸೊರಗಿದ್ದೀರಿ ಎಂದು ಕಳಿಸಿದರು. ನನ್ನ ಗಂಡ ಶರಣು ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿಯ ಕೆಲಸದವರು, ತಿಂಗಳಲ್ಲಿ ಎಷ್ಟೋ ರಾತ್ರಿ ಮನೆಯಲ್ಲಿರುವುದಿಲ್ಲ. ನಾನೋ ಶಹಾಬಾದಿನಿಂದ ದಿನಾ ಚಿತ್ತಾಪುರಕ್ಕೆ ಹೋಗಿ ಮಕ್ಕಳಿಗೆ ಗಣಿತ ಹೇಳುವವಳು. ಒಂದು ದಿನ ಹಲಗೆಯ ಮೇಲೆ ಲೆಕ್ಕ ಬರೆಯುತ್ತ ಬರೆಯುತ್ತ ನಿಂತಲ್ಲೇ ತೂಕಡಿಸಿದೆ. ಮಕ್ಕಳು ನಗಲಿಲ್ಲ, ಅದರಿಂದಲೇ ನನಗೆ ಹೆಚ್ಚು ನಾಚಿಕೆಯಾಯಿತು.

ನಿದ್ದೆಗೇಡಿತನವನ್ನು ನಾವು ತಾಯ್ತನದ ಒಡವೆಯಂತೆ ಮೆರೆಸುತ್ತೇವೆ. ಹೆತ್ತವಳಿಗೆ ನಿದ್ದೆಯೆಲ್ಲಿಯದು ಎಂದು ಹೇಳುವಾಗ ಹೇಳುವವರ ಮುಖದಲ್ಲಿ ಒಂದು ತೃಪ್ತಿ ಇರುತ್ತದೆ. ನನಗೂ ಅದು ಹಿತವಾಗಿಯೇ ಇತ್ತೆಂದು ಒಪ್ಪಿಕೊಳ್ಳುತ್ತೇನೆ, ಒಂದು ಬೆಳಗಿನ ಜಾವದವರೆಗೆ. ಅಂದು ಗೋಡೆಗೊರಗಿ, ಕಾಲು ಚಾಚಿ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದೆ. ಕಣ್ಣು ಬಿಟ್ಟಾಗ ತೊಡೆ ಬರಿದಾಗಿತ್ತು. ನೀಲಾ ನೆಲದ ಮೇಲೆ ಅಂಗಾತ ಬಿದ್ದು ನನ್ನನ್ನೇ ನೋಡುತ್ತಿದ್ದಳು. ತಲೆ ಬಿದ್ದದ್ದು ಕೌದಿಯ ಅಂಚಿನ ಮೇಲೆ, ಅದರಿಂದ ನಾಲ್ಕು ಬೆರಳು ಆಚೆ ಬರಿಯ ಫರ್ಶಿ ಕಲ್ಲು. ನಮ್ಮೂರ ಕಲ್ಲಿನ ಗಟ್ಟಿತನವನ್ನು ಹೋದಲ್ಲೆಲ್ಲ ಹೊಗಳಿಕೊಂಡು ಬಂದವಳು ನಾನು. ಅಂದು ಆ ನಾಲ್ಕು ಬೆರಳಿನ ಅಂತರವನ್ನು ನೋಡುತ್ತ ಕುಳಿತೆ. ಯಾರಿಗೂ ಹೇಳಲಿಲ್ಲ.

ಆಗಲೇ ನಾನು ಕೂಸಿಗೆ ನಿದ್ದೆ ಕಲಿಸುವ ನಿರ್ಧಾರ ಮಾಡಿದ್ದು. ಶಾಲೆಯ ಗೆಳತಿಯೊಬ್ಬಳು ಮೊಬೈಲಿನಲ್ಲಿ ತೋರಿಸಿದ ಕ್ರಮ ಅದು, ಸ್ಲೀಪ್ ಟ್ರೇನಿಂಗ್ ಎಂದು ಅದರ ಹೆಸರು. ಎಚ್ಚರವಿರುವಾಗಲೇ ಮಲಗಿಸಬೇಕು, ತೂಗಬಾರದು, ಅತ್ತರೆ ಮೊದಲು ಮೂರು ನಿಮಿಷ ಕಾದು, ಆಮೇಲೆ ಹೋಗಿ ಸಮಾಧಾನ ಹೇಳಿ ಬರಬೇಕು, ಎತ್ತಿಕೊಳ್ಳಬಾರದು. ಆಮೇಲೆ ಐದು ನಿಮಿಷ, ಆಮೇಲೆ ಹತ್ತು. ಗಣಿತದ ಮೇಷ್ಟ್ರಿಗೆ ಇದಕ್ಕಿಂತ ಒಪ್ಪುವ ಮಾತು ಬೇರೆ ಯಾವುದು? ವೇಳಾಪಟ್ಟಿಯಿಂದ ಕಲಿಯದ ಜೀವವೇ ಇಲ್ಲವೆಂದು ನಂಬಿ ಹದಿಮೂರು ವರ್ಷ ಸಂಬಳ ಎಣಿಸಿದವಳು ನಾನು.

ನಮ್ಮ ಜೊತೆಗೇ ಇರುವ ಅತ್ತೆಯವರಿಗೆ, ಶರಣು ಅವರ ತಾಯಿಗೆ, ಎಲ್ಲ ವಿವರಿಸಿ, ಕೂಸು ಅತ್ತರೆ ನೀವು ಏಳಬಾರದೆಂದು ಕೇಳಿಕೊಂಡೆ. ಅವರು ಒಂದೇ ಪ್ರಶ್ನೆ ಕೇಳಿದರು.

"ಎಷ್ಟೊತ್ತು ಅಳಬೇಕವ್ವ ಅದು?"

"ಒಮ್ಮಿಗಿ ಐದು ನಿಮಿಷ ಅಂತ ಇಟ್ಕೊಳ್ರಿ, ಅತ್ತಿ."

"ಹೂಂ," ಎಂದು ಅವರು ತಮ್ಮ ಹಾಸಿಗೆ ಸುತ್ತಿಕೊಂಡು ಹೊರಗಿನ ಪಡಸಾಲೆಗೆ ಹೋದರು.

ಐದು ನಿಮಿಷ ಅಂದರೆ ಎಷ್ಟು ಉದ್ದವೆಂದು ನನಗೆ ಗೊತ್ತಿರಲಿಲ್ಲ. ಮೊದಲ ರಾತ್ರಿ ಹೆಬ್ಬೆರಳಿನ ಹಗ್ಗ ಬಿಚ್ಚಿ ಅಡುಗೆಮನೆಯ ನೆಲದ ಮೇಲೆ ಗಡಿಯಾರ ಹಿಡಿದು ಕುಳಿತೆ. ಮುಕ್ಕಾಲು ಗಂಟೆ ಅತ್ತಳು. ಪಕ್ಕದ ಮನೆಯ ಶಮೀಮಾ ಕಾಕಿ ಗೋಡೆಯಾಚೆಯಿಂದ, "ಯಾಕ್ರಿ ಟೀಚರ್, ಕೂಸಿಗಿ ಏನಾಗ್ಯಾದ? ನಾ ಬರಲೇನ್ರಿ?" ಎಂದು ಕೂಗಿ ಕೇಳಿದರು. ಏನೂ ಇಲ್ಲ ಎಂದೆ. ನಮ್ಮ ಓಣಿಯಲ್ಲಿ ಮನೆಗೆ ಮನೆ ಹತ್ತಿಕೊಂಡಿವೆ, ಕೂಸಿನ ಅಳು ಹೆತ್ತವಳೊಬ್ಬಳ ಸ್ವತ್ತಾಗಿ ಉಳಿಯುವುದಿಲ್ಲ. ಆ ಮೊಬೈಲಿನ ವಿಧಾನ ಬರೆದವರಿಗೆ ಈ ಗೋಡೆಗಳ ಪರಿಚಯವಿರಲಾರದು.

ಎರಡನೆಯ ರಾತ್ರಿ ಅರ್ಧ ಗಂಟೆ. ಮೂರನೆಯ ರಾತ್ರಿ ಹತ್ತು ನಿಮಿಷಕ್ಕೂ ಮೊದಲೇ ಅಳು ಸಣ್ಣಗಾಗಿ, ಬಿಕ್ಕಾಗಿ, ನಿಂತಿತು. ಇಣುಕಿ ನೋಡಿದೆ, ತನ್ನ ಮುಷ್ಟಿಯನ್ನೇ ಬಾಯಿಗಿಟ್ಟುಕೊಂಡು ಮಲಗಿದ್ದಳು. ಗೆದ್ದೆ ಅನ್ನಿಸಿತು. ಸುದ್ದಿ ಹೇಳೋಣವೆಂದು ಪಡಸಾಲೆಗೆ ಬಂದರೆ ಅತ್ತೆಯ ಹಾಸಿಗೆ ಖಾಲಿ. ಅವರು ಹೊರಗೆ ಕಟ್ಟೆಯ ಮೇಲೆ, ಎರಡೂ ಕಿವಿಗೆ ಸೆರಗು ಒತ್ತಿಕೊಂಡು ಕುಳಿತಿದ್ದರು. ಮೂರು ರಾತ್ರಿಯೂ ಅಲ್ಲೇ ಕುಳಿತಿದ್ದರೆಂದು ಆಗ ತಿಳಿಯಿತು.

"ಮಕ್ಕೊಂಡಳ್ರಿ ಅತ್ತಿ, ತಾನಾ ಮಕ್ಕೊಂಡಳು," ಎಂದೆ.

ಅವರು ಕಿವಿಯಿಂದ ಸೆರಗು ಇಳಿಸಿದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು.

"ಶರಣ್ಯಾನೂ ಕೂಸಿದ್ದಾಗ ಹಿಂಗಾ ತಾನಾ ಮಕ್ಕೊಂತಿದ್ದ. ನಾ ಕಲ್ಲಿನ ಖಣ್ಯಾಗ ದುಡಿಯಾಕ ಹೋಗ್ತಿದ್ದೆ. ಬೇವಿನ ಗಿಡಕ್ಕ ಸೀರಿ ಜೋಳಿಗಿ ಕಟ್ಟಿ ಹಾಕ್ತಿದ್ದೆ. ತಲಿ ಮ್ಯಾಲ ಕಲ್ಲು ಇರೋ ಮುಂದ ಅವ ಅಳೋದು ಕೇಳ್ತಿತ್ತು. ಕೆಲಸ ಮಾಡಿಸೋ ಮುಕಾದಮ ಹೋಗಾಕ ಬಿಡ್ತಿದ್ದಿಲ್ಲ. ಅತ್ತು ಅತ್ತು ಸುಮ್ಮ ಆಗ್ತಿದ್ದ. ನಿದ್ದಿ ಹತ್ತಿತು ಅಂತ ಮಂದಿ ಅಂತಿದ್ರು. ನಿದ್ದಿ ಹತ್ತಿತೋ, ಅವ್ವ ಬರಂಗಿಲ್ಲ ಅಂತ ತಿಳೀತೋ, ನಂಗ ಇವತ್ತಿಗೂ ಗೊತ್ತಿಲ್ಲವ್ವ."

ನಾನು ಅವರ ಪಕ್ಕದಲ್ಲಿ ಕುಳಿತೆ. ತೊಡೆಯಿಂದ ಜಾರಿದ ಕೂಸಿನ ಸಂಗತಿಯನ್ನು, ಆ ನಾಲ್ಕು ಬೆರಳಿನ ಅಂತರವನ್ನು, ಮೊದಲ ಸಲ ಬಾಯಿಬಿಟ್ಟು ಹೇಳಿ ಕಣ್ಣೀರಿಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ತಲೆ ಸವರಿದರು.

"ನೀ ಮಕ್ಕೋಬೇಕು. ನೀ ಮಾಡಿದ್ದು ತಪ್ಪಲ್ಲ. ಆದ್ರ ಯವ್ವ, ಆಗ ನಂಗ ಹೋಗಾಕ ಬಿಡ್ಲಿಲ್ಲ. ಈಗರೆ ಬಿಡು."

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ, ಕೂಸು ಮಲಗಿತ್ತಾದರೂ. ಸ್ನೇಹಿತರೇ, ಆ ವಿಧಾನ ಕೆಟ್ಟದ್ದೆಂದು ನಾನು ಇಂದಿಗೂ ಹೇಳಲಾರೆ. ಅದರಲ್ಲಿ ತಾಯಿ ತಡವಾಗಿಯಾದರೂ ಬಂದೇ ಬರುತ್ತಾಳೆ. ಅದರಿಂದ ಎಷ್ಟೋ ಮನೆಗಳಲ್ಲಿ ಕೂಸೂ ತಾಯಿಯೂ ಚೆನ್ನಾಗಿ ಮಲಗಿರಬಹುದು. ನನ್ನನ್ನು ಕಾಡಿದ್ದು ಬೇರೆ. ಐದು ನಿಮಿಷ ಕಾಯುವುದು ನನಗೆ ಕ್ರಮವಾಗಿತ್ತು, ಅತ್ತೆಗೆ ಅದು ಇಡೀ ಹಗಲಾಗಿತ್ತು. ನಾನು ಆರಿಸಿಕೊಂಡದ್ದನ್ನು ಅವರು ಹೊತ್ತಿದ್ದರು, ತಲೆಯ ಮೇಲಿನ ಕಲ್ಲಿನ ಜೊತೆಗೇ. ಅಂಥವರನ್ನು ಮೂರು ರಾತ್ರಿ ಅದೇ ಅಳುವಿನ ಮುಂದೆ ಕೈಕಟ್ಟಿ ಕೂರಿಸಿದ್ದೆ, ಮತ್ತು ನಾನೇ ಮುಕಾದಮಳಾಗಿದ್ದೆ. ನಿದ್ದೆಗೆಟ್ಟು ಒದ್ದಾಡುತ್ತಿದ್ದಾಗ, ಎರಡು ಮಾರು ದೂರದಲ್ಲಿ ಮಲಗಿದ್ದ ಅವರನ್ನು ಒಮ್ಮೆಯಾದರೂ ಎಬ್ಬಿಸಿ ಸಹಾಯ ಕೇಳಬೇಕೆಂದು ನನಗೆ ತೋಚಿರಲೇ ಇಲ್ಲ. ಅಳುವ ಕೂಸಿಗೇ ಹಾಲು ಎಂಬ ಗಾದೆ ತಾಯಂದಿರಿಗೂ ಸಲ್ಲುತ್ತದೆ.

ನಾಲ್ಕನೆಯ ರಾತ್ರಿ ಅತ್ತೆ ತಮ್ಮ ಹಾಸಿಗೆಯನ್ನು ತೊಟ್ಟಿಲ ಪಕ್ಕಕ್ಕೆ ತಂದುಕೊಂಡರು, ನಾನು ಪಡಸಾಲೆಗೆ ಹೋದೆ. ಶರಣು ಅಂದೂ ರಾತ್ರಿ ಪಾಳಿಯ ಮೇಲೆ ವಾಡಿಯಲ್ಲಿದ್ದರು. ಎಷ್ಟೋ ಹೊತ್ತಿಗೆ ಕೂಸು ಅತ್ತಿತು. ಅಭ್ಯಾಸಬಲದಿಂದ ನಾನು ನಿಮಿಷ ಎಣಿಸತೊಡಗಿದೆ. ಒಂದು ಎನ್ನುವುದರೊಳಗೆ ಬಳೆಯ ಸದ್ದಾಯಿತು, ನೋಯುವ ಮೊಣಕಾಲನ್ನು ಊರಿಕೊಂಡು ಏಳುವ ನರಳಿಕೆ ಕೇಳಿತು, ಆಮೇಲೆ ಅತ್ತೆಯ ದನಿ.

"ಬಂದೆ, ಶರಣ್ಯಾ, ಬಂದೆ. ಅಳಬ್ಯಾಡ ನನ್ನಪ್ಪಾ. ಬಂದೆ ನೋಡು."