ನಾಲ್ಕು ದೊನ್ನೆ

ಒಂದನೆಯ ಬಾಟಲಿಯಲ್ಲಿರುವುದು ತಂಪು ನಾಡಿನ ವೈನ್ ಎಂದು ನಾನು ನಿಮಗೆ ಹೇಳಿದ್ದು ಸುಳ್ಳು, ಸರ್. ಅದು ಬಾಯಿ ತಪ್ಪಿ ಬಂದ ಮಾತಲ್ಲ. ಎರಡೂ ಬಾಟಲಿಗಳಿಗೆ ಬಟ್ಟೆ ಸುತ್ತಿ, ಸಂಖ್ಯೆಯ ಚೀಟಿ ಕಟ್ಟಿದವನು ನಾನೇ. ಯಾವುದರಲ್ಲಿ ಏನಿದೆ ಎಂಬುದು ನನಗೆ ಚೆನ್ನಾಗಿ ತಿಳಿದಿತ್ತು. ತಿಳಿದೇ ಹೇಳಿದೆ — ಅಷ್ಟು ಜನರ ಮುಂದೆ ನೀವು ಬೀಳಬೇಕೆಂದು ಹೇಳಿದೆ.

ಕಾಪುವಿನ ಆ ಹೋಟೆಲಿನಲ್ಲಿ ನಡೆದದ್ದನ್ನು ಚೀಟಿಯ ಗೊಂದಲವೆಂದು ನೀವು ಭಾವಿಸಿದ್ದೀರಿ. ಹಾಗೆ ಭಾವಿಸಲು ಮೂರು ವರ್ಷ ಬಿಟ್ಟೆ. ಇನ್ನು ಬಿಡಲಾರೆ. ಆದರೆ ಮೊದಲು ನಿಮಗೆ ನೆನಪಿಲ್ಲದ ಒಂದು ದಿನವನ್ನು ನೆನಪಿಸಬೇಕು.

ಮಣಿಪಾಲದಲ್ಲಿ ನಾನು ಹೋಟೆಲ್ ಮ್ಯಾನೇಜ್‌ಮೆಂಟಿನ ಅಂತಿಮ ವರ್ಷದಲ್ಲಿದ್ದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನನಗಿಂತ ಮೊದಲು ಯಾರೂ ಇರಲಿಲ್ಲ. ಮಟ್ಟುವಿನಲ್ಲಿ ಅಪ್ಪ ತಾಳೆಮರದಿಂದ ಕಳ್ಳು ಇಳಿಸುತ್ತಿದ್ದರು; ಅಮ್ಮ ಬೀಡಿ ಕಟ್ಟುತ್ತಿದ್ದರು. ಇಂಗ್ಲಿಷಿನ ಪ್ರತಿಯೊಂದು ಹೊಸ ಪದವನ್ನು ನಾನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಬಸ್ಸಿನಲ್ಲಿ ತುಟಿಯಲ್ಲೇ ಹೇಳಿಕೊಂಡು ಬರುತ್ತಿದ್ದೆ. ಆ ದಿನ ನೀವು ವೈನ್ ರುಚಿ ನೋಡುವ ಪಾಠ ಮಾಡಿದಿರಿ. ಎಲ್ಲರ ಗ್ಲಾಸಿಗೂ ಎರಡೆರಡು ಗುಟುಕು ಸುರಿಸಿ, ಬಾಟಲಿಯ ಹೆಸರನ್ನು ಓದಲು ನನ್ನನ್ನು ಎಬ್ಬಿಸಿದಿರಿ. ನಾನು ಅದರಲ್ಲಿದ್ದ ಅಕ್ಷರಗಳನ್ನೆಲ್ಲ ಉಚ್ಚರಿಸಿದೆ — "ಚಾರ್ಡೊನ್ನೆ" ಎಂದೆ.

"ಎಂತ? ಚಾರ್ ದೊನ್ನೆ?" ಎಂದಿರಿ ನೀವು. "ನಾಲ್ಕು ದೊನ್ನೆಯಾ? ಮಾರಾಯ, ಇದು ಮಠದ ಊಟ ಅಲ್ಲ. ನಾಲ್ಕು ದೊನ್ನೆ ಪಾಯಸ ಬೇಕಾದ್ರೆ ರಥಬೀದಿಗೆ ಹೋಗು!"

ತರಗತಿ ನಕ್ಕಿತು. ನಾನೂ ನಕ್ಕೆ. ಅದನ್ನು ನಾನು ಸಹಿಸುತ್ತಿದ್ದೆನೇನೋ. ಆದರೆ ಗ್ಲಾಸಿನಲ್ಲಿ ಎಂತ ವಾಸನೆ ಉಂಟು ಹೇಳು ಎಂದು ನೀವು ಮತ್ತೆ ಕೇಳಿದಿರಿ. ಪುಸ್ತಕದಲ್ಲಿದ್ದುದು ಹಸಿರು ಸೇಬು. ಹಸಿರು ಸೇಬನ್ನು ನಾನು ಅಂದಿನವರೆಗೂ ತಿಂದಿರಲಿಲ್ಲ. ತಿನ್ನದ ಹಣ್ಣಿನ ಹೆಸರು ಹೇಳಿದರೆ ಸುಳ್ಳಾಗುತ್ತದೆ ಎಂದುಕೊಂಡು, ಮೂಗಿಗೆ ಬಂದುದನ್ನೇ ಹೇಳಿದೆ — "ಬಿಂಬುಳಿ, ಸರ್." ನಮ್ಮ ಬಾವಿಯ ಬಳಿ ಮರದ ಕಾಂಡಕ್ಕೇ ಗೊಂಚಲಾಗಿ ಅಂಟಿಕೊಂಡು ಬಿಡುವ, ಅಮ್ಮ ಮೀನಿನ ಸಾರಿಗೆ ಹಾಕುವ ಹುಳಿಕಾಯಿ. ಅದನ್ನು ಉಗುರಿನಿಂದ ಗೀರಿದಾಗ ಬರುವ ವಾಸನೆಯೇ ಆ ಗ್ಲಾಸಿನಲ್ಲಿತ್ತು.

ನೀವು ಹಾಜರಿ ಪುಸ್ತಕ ಮುಚ್ಚಿ ಹೇಳಿದಿರಿ, "ಕಳ್ಳಿನ ಮೂಗಲ್ವಾ. ಅದಕ್ಕೆ ಇಷ್ಟೇ ಗೊತ್ತಾಗುವುದು."

ಅಪ್ಪನ ಕೆಲಸವನ್ನು ನಾನೇ ನಿಮಗೆ ಹೇಳಿದ್ದೆ, ಸರ್. ಹೆಮ್ಮೆಯಿಂದ ಹೇಳಿದ್ದೆ. ಮಡಕೆಯ ಬಾಯಿಗೆ ಮುಖವಿಟ್ಟು, ಇದು ಯಾವ ಮರದ್ದು, ಇಳಿಸಿ ಎಷ್ಟು ಹೊತ್ತಾಯಿತು ಎಂದು ಅವರು ತಪ್ಪದೆ ಹೇಳುತ್ತಿದ್ದರು. ಆ ಮೂಗನ್ನೇ ನೀವು —

ಕಾಲೇಜು ಮುಗಿಯುವವರೆಗೂ ನನ್ನ ಹೆಸರು 'ದೊನ್ನೆ' ಎಂದಾಯಿತು. ಸರಿಯಾದ ಉಚ್ಚಾರಣೆ 'ಶಾರ್ಡೊನೆ' ಎಂಬುದನ್ನು ಮತ್ತೆಂದೂ ಮರೆಯಲಿಲ್ಲ. ಉಚ್ಚಾರಣೆಯಷ್ಟೇ ಅಲ್ಲ, ಆ ಹೆಸರಿನ ದ್ರಾಕ್ಷಿಯನ್ನೇ ಹಟದಿಂದ ಕಲಿತೆ. ಬಿಸಿಲು ಹೆಚ್ಚಿರುವ ನಾಡಿನಲ್ಲಿ ಅದು ಬೇಗ ಹಣ್ಣಾಗುತ್ತದೆ. ವೈನಿಗೆ ಹೊನ್ನಿನ ಬಣ್ಣ, ಮಾವು ಮತ್ತು ಅನಾನಸಿನ ವಾಸನೆ. ಚಳಿಯ ನಾಡಿನಲ್ಲಿ ಅದಕ್ಕೆ ಅವಸರವಿಲ್ಲ. ನಿಧಾನವಾಗಿ ಹಣ್ಣಾಗುತ್ತದೆ, ಆದರೆ ಹುಳಿಯನ್ನು ಬಿಟ್ಟುಕೊಡುವುದಿಲ್ಲ. ಬಣ್ಣ ತೆಳು. ಮೊದಲ ಗುಟುಕಿಗೆ ಏನೂ ಇಲ್ಲವೆನಿಸುತ್ತದೆ. ಆಮೇಲೆ ನಾಲಿಗೆಯ ಎರಡೂ ಅಂಚುಗಳಲ್ಲಿ ನೀರೂರುತ್ತದೆ, ನಿಂಬೆಸಿಪ್ಪೆ ಬರುತ್ತದೆ, ತೊಳೆದ ಕಲ್ಲಿನಂಥದೊಂದು ಬರುತ್ತದೆ. ನುಂಗಿದ ಮೇಲೂ ಬಹಳ ಹೊತ್ತು ಉಳಿಯುತ್ತದೆ. ನನಗೆ ಅದು ಅರ್ಥವಾಗುವ ವೈನ್. ನಾನೂ ಬಿಟ್ಟುಕೊಟ್ಟಿರಲಿಲ್ಲ.

ಹನ್ನೊಂದು ವರ್ಷಗಳ ನಂತರ ನೀವು ಕಾಲೇಜು ಬಿಟ್ಟಿದ್ದಿರಿ. ನಮ್ಮ ಮಾಲೀಕರು ತಮ್ಮ ಹೋಟೆಲುಗಳಿಗೆಲ್ಲ ಒಬ್ಬ ತರಬೇತುದಾರರನ್ನು ಹುಡುಕುತ್ತಿದ್ದರು. ಅತಿಥಿಗಳನ್ನು ಕರೆಯುತ್ತೇವೆ, ಒಂದು ಸಂಜೆ ವೈನ್ ಪರಿಚಯ ಮಾಡಿಸಿ, ನೋಡೋಣ ಎಂದು ನಿಮಗೆ ಹೇಳಿದ್ದರು. ಬಟ್ಟೆ ಸುತ್ತಿದ ಎರಡು ಬಾಟಲಿ ಶಾರ್ಡೊನೆಯಲ್ಲಿ ಬಿಸಿಲ ನಾಡಿನದು ಯಾವುದು, ತಂಪು ನಾಡಿನದು ಯಾವುದು ಎಂದು ನೀವು ರುಚಿ ನೋಡಿಯೇ ಹೇಳಬೇಕಿತ್ತು. ನಾನು ಕಾಪುವಿನ ಹೋಟೆಲಿನಲ್ಲಿ ಬಾರಿನ ಮೇಲ್ವಿಚಾರಕ. ನಿಮ್ಮ ಹೆಸರು ಕೇಳಿದ ದಿನವೇ ನಿಮ್ಮನ್ನು ಹೇಗಾದರೂ ಕೆಡವಬೇಕು ಎಂದುಕೊಂಡೆ, ಹೇಗೆಂದು ತಿಳಿದಿರಲಿಲ್ಲ. ದಾರಿಯನ್ನು ನೀವೇ ತೋರಿಸಿದಿರಿ.

ಆ ದಿನ ನಾಲ್ಕೂವರೆಗೆ, ಹಳೆಯ ವಿದ್ಯಾರ್ಥಿಯೆಂಬ ಸಲಿಗೆಯಿಂದ, ಬಾರಿನ ಹಿಂದಿನ ಕೋಣೆಗೆ ಬಂದು ಬಾಗಿಲು ಅರೆ ಮುಚ್ಚಿದಿರಿ. "ಜಯಂತ, ನಿನ್ನಲ್ಲಿ ಮಾತ್ರ ಹೇಳುವುದು. ಆ ಜ್ವರ ಬಂದ ಮೇಲೆ ನಂಗೆ ವಾಸನೆಯೇ ಗೊತ್ತಾಗುವುದಿಲ್ಲ ಮಾರಾಯ. ಮನೆಯಲ್ಲಿ ಗ್ಯಾಸ್ ಸೋರಿದ್ರೂ ಹೆಂಡತಿ ಹೇಳಬೇಕು. ಯಾವ ಬಾಟ್ಲಿ ಯಾವುದು ಅಂತ ಹೇಳಿಬಿಡು. ಬಾಕಿದ್ದು ನಂಗೆ ಬಾಯಿಪಾಠ ಉಂಟು. ಈ ಕೆಲಸ ಸಿಗದಿದ್ರೆ ನನ್ನ ಕಥೆ ಮುಗೀತು."

"ಒಂದನೆಯದು ತಂಪು ನಾಡಿನದು, ಸರ್," ಎಂದೆ.

ಹುರಿದ ಗೋಡಂಬಿಗೆಂದು ಪ್ರತಿಯೊಬ್ಬರ ಮುಂದೆಯೂ ಒಂದೊಂದು ದೊನ್ನೆ ಇಟ್ಟಿದ್ದೆ. ನಿಮ್ಮ ಮುಂದೆ ನಾಲ್ಕು. ನೀವು ಅದನ್ನು ನೋಡಿ, ನನ್ನನ್ನು ನೋಡಿ, ಬಿಳುಚಿಕೊಳ್ಳಬೇಕು ಎಂಬುದು ನನ್ನ ಆಸೆ. ನೀವು ನೋಡಿದಿರಿ. "ನಂಗೆ ಯಾಕೆ ನಾಲ್ಕು? ಒಂದು ಸಾಕಿತ್ತು," ಎಂದು ನಕ್ಕು ಮೂರನ್ನು ಪಕ್ಕದವರಿಗೆ ಸರಿಸಿದಿರಿ. ನಿಮಗೆ ಏನೂ ನೆನಪಿರಲಿಲ್ಲ. ಹನ್ನೊಂದು ವರ್ಷ ನಾನು ಹೊತ್ತು ತಿರುಗಿದ್ದು ನಿಮಗೆ — ಒಂದು ಪೀರಿಯಡ್ಡಿನ ತಮಾಷೆಯೂ ಅಲ್ಲ. ಆಗ ನಿಲ್ಲಿಸಬಹುದಿತ್ತು. ಆಗಲೇ ನನ್ನ ಸಿಟ್ಟು ಇಮ್ಮಡಿಯಾಯಿತು.

ಒಂದನೆಯ ಬಾಟಲಿಯಿಂದ ಸುರಿದೆ. ನೀವು ಗ್ಲಾಸನ್ನು ಬೆಳಕಿಗೆ ಹಿಡಿದಿರಿ. ಬಣ್ಣವೇ ಸತ್ಯವನ್ನು ಹೇಳುತ್ತಿತ್ತು, ಸರ್ — ಗಾಢ ಹೊನ್ನು. ನಿಮ್ಮ ಕಣ್ಣಿಗೆ ಅನುಮಾನ ಬಂತು. ನೀವು ನನ್ನ ಕಡೆ ನೋಡಿದಿರಿ. ನಾನು ತಲೆಯಾಡಿಸಿದೆ — ಹೌದು, ಅದೇ, ಎಂದು. ಮೊದಲನೆಯ ಸುಳ್ಳಿಗಿಂತ ಆ ತಲೆಯಾಡಿಸುವಿಕೆ ದೊಡ್ಡದು. ನೀವು ನಿಮ್ಮ ಕಣ್ಣನ್ನು ಬಿಟ್ಟು ನನ್ನನ್ನು ನಂಬಿದಿರಿ.

ನಿಂಬೆಸಿಪ್ಪೆ, ತೊಳೆದ ಕಲ್ಲು, ಹಸಿರು ಸೇಬು — ಎಷ್ಟು ಸುಂದರವಾಗಿ ಮಾತಾಡಿದಿರಿ. ಕಾರ್ಕಳದಿಂದ ಬಂದಿದ್ದ ಡಾಕ್ಟರಮ್ಮ ಗ್ಲಾಸನ್ನು ಮತ್ತೆ ಮತ್ತೆ ಮೂಸಿ ನೋಡಿದರು. "ಸರ್, ನಂಗೆ ಇದ್ರಲ್ಲಿ ಪಕ್ಕಾ ಮಾವಿನ ಹಣ್ಣೇ ಬರ್ತಾ ಉಂಟಲ್ಲ?"

"ಅದು ನಿಮಗೆ ಅಭ್ಯಾಸ ಸಾಲದೆ ಹಾಗಾಗುವುದು," ಎಂದಿರಿ ನೀವು.

ಮಾಲೀಕರು ಬಟ್ಟೆ ಬಿಚ್ಚು ಎಂದರು. ಬಿಚ್ಚಿದೆ. ನಿಧಾನವಾಗಿ ಬಿಚ್ಚಿದೆ. ಬಾಟಲಿಯ ಲೇಬಲನ್ನು ಅತಿಥಿಗಳ ಕಡೆ ತಿರುಗಿಸಿ, ನಾಡಿನ ಹೆಸರನ್ನೂ ದ್ರಾಕ್ಷಿಯ ಹೆಸರನ್ನೂ ಗಟ್ಟಿಯಾಗಿ, ಒಂದಕ್ಷರವೂ ತಪ್ಪದೆ ಓದಿದೆ. ಡಾಕ್ಟರಮ್ಮ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಆ ನಗು ನನಗೆ ಎಷ್ಟು ರುಚಿಸಿತು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಈಗಲೂ ಕೆಲವೊಮ್ಮೆ ಅದನ್ನು ನೆನೆಸಿಕೊಳ್ಳುತ್ತೇನೆ, ಈಗಲೂ ರುಚಿಸುತ್ತದೆ.

ಅಂದು ಹೊರಡುವಾಗ ನೀವು ನನ್ನ ಭುಜ ತಟ್ಟಿ, "ಚೀಟಿ ಅದಲುಬದಲು ಆಯ್ತೇನೋ. ಇರ್ಲಿ, ನೀನು ಬೇಜಾರು ಮಾಡ್ಬೇಡ," ಎಂದಿರಿ. ಮಾಲೀಕರ ಬಳಿ ನನ್ನ ಹೆಸರು ಎತ್ತಲಿಲ್ಲ. ಎತ್ತಿದ್ದರೆ ನಿಮ್ಮ ಮೂಗಿನ ಸಂಗತಿ ಹೊರಬೀಳುತ್ತಿತ್ತು, ಅದಕ್ಕೇ ಸುಮ್ಮನಿದ್ದಿರಿ — ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅಷ್ಟೇ ಅಲ್ಲವೆಂದು ಗೊತ್ತು. ಆ ತರಬೇತುದಾರನ ಹುದ್ದೆಯಲ್ಲಿ ಈಗ ಇರುವವನು ನಾನು. ನೀವು ಮತ್ತೆ ಎಲ್ಲಿಯೂ ವೈನಿನ ಬಗ್ಗೆ ಮಾತಾಡಿಲ್ಲವೆಂದು ಕೇಳಿದ್ದೇನೆ.

ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ಅಪ್ಪನ ಮೂಗಿನ ಬಗ್ಗೆ ನೀವು ಆಡಿದ ಮಾತನ್ನು ನಾನು ಇನ್ನೂ ಕ್ಷಮಿಸಿಲ್ಲ. ಹಾಗಿರುವಾಗ ನಿಮ್ಮಿಂದ ಬೇಡುವುದು ಸರಿಯಾಗದು. ಅದು ಚೀಟಿಯ ತಪ್ಪಲ್ಲ, ನಿಮ್ಮದೂ ಅಲ್ಲ ಎಂಬುದು ನಿಮಗೆ ತಿಳಿದಿರಲಿ. ಇದರದೇ ಒಂದು ಪ್ರತಿಯನ್ನು ಇಂದು ಬೆಳಿಗ್ಗೆ ಮಾಲೀಕರ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ. ಅದರಲ್ಲಿ ನಿಮ್ಮ ಮೂಗಿನ ಸಾಲುಗಳನ್ನು ಮಾತ್ರ ತೆಗೆದುಹಾಕಿದ್ದೇನೆ. ಅವರು ಏನು ಮಾಡುತ್ತಾರೋ ಮಾಡಲಿ.

ಇನ್ನೊಂದು ಮಾತು ಉಳಿದಿದೆ. ಆ ಸಂಜೆ ನೀವು ಹೋದ ಮೇಲೆ ಎರಡನೆಯ ಬಾಟಲಿಯಲ್ಲಿ ಉಳಿದಿದ್ದನ್ನು ಗ್ಲಾಸಿಗೆ ಸುರಿದುಕೊಂಡು ಮೂಸಿ ನೋಡಿದೆ. ಬಿಂಬುಳಿ ಇತ್ತು, ಸರ್. ತರಗತಿಯ ಆ ದಿನವೂ ಇತ್ತು. ಒಂದು ದಿನ ಅದನ್ನು ನಿಮ್ಮ ಕೈಗೆ ಕೊಟ್ಟು, ನಿಮ್ಮ ಬಾಯಿಂದಲೇ ಹೌದೆನ್ನಿಸಬೇಕು ಎಂದು ಅಷ್ಟು ವರ್ಷ ಕಾದಿದ್ದೆ. ಗ್ಲಾಸು ಈಗಲೂ ಕೊಡಬಲ್ಲೆ. ನೀವು ಹೌದು ಎಂದರೂ, ಅದು ಮೂಸಿ ಹೇಳಿದ ಮಾತಲ್ಲ, ನನ್ನನ್ನು ನಂಬಿ ಹೇಳಿದ ಮಾತಾಗುತ್ತದೆ.