ಖರೇನ ತಪ್ಪಿದ ಚೆಂಡು

ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗ ಒಂದು ತಾಟಿನ ಎಡಬದಿಗೆ ಮಾತ್ರ ಚಮಚ ಇರುತ್ತದೆ. ಅದು ನನ್ನ ಮಾವನವರ ತಾಟು. ಅತ್ತೆ ಜೋಳದ ರೊಟ್ಟಿಯನ್ನು ಸಣ್ಣಗೆ ಮುರಿದು ಬೇಳೆಸಾರಿನಲ್ಲಿ ನೆನೆಹಾಕಿ, ವಿಶೇಷವೇನೂ ನಡೆದಿಲ್ಲವೆಂಬ ಮುಖದಲ್ಲಿ ಅದನ್ನು ಅವರ ಮುಂದೆ ಸರಿಸುತ್ತಾರೆ. ಮಾವನವರೂ ವಿಶೇಷವೇನೂ ನಡೆದಿಲ್ಲವೆಂಬ ಮುಖದಲ್ಲೇ ಎಡಗೈಯಿಂದ ಚಮಚ ಎತ್ತಿಕೊಳ್ಳುತ್ತಾರೆ. ಒಂದು ಚಮಚ ತಾಟಿನ ಬಲದಿಂದ ಎಡಕ್ಕೆ ದಾಟಬೇಕಾದರೆ ಎಷ್ಟು ದೂರ ನಡೆಯಬೇಕಾಗುತ್ತದೆ ಎಂಬುದು, ಗೆಳೆಯರೇ, ನನಗೆ ಈ ಮನೆಯಲ್ಲಿ ತಿಳಿಯಿತು.

ನಮ್ಮ ಮಾವನವರು ದನದ ಡಾಕ್ಟರು. ಕುಲಗೋಡದ ಕುರಿಗಾರರ ಮನೆಯಲ್ಲಿ ಹುಟ್ಟಿ, ಮರಿಗಳ ನಡುವೆಯೇ ಪುಸ್ತಕ ಹಿಡಿದು ಓದಿ, ಹುಕ್ಕೇರಿ, ಮೂಡಲಗಿ ಎಂದು ಊರಿಂದೂರಿಗೆ ವರ್ಗವಾಗುತ್ತ ಕೊನೆಗೆ ಗೋಕಾಕಿನಲ್ಲಿ ನಿವೃತ್ತರಾದವರು. ಎಮ್ಮೆಯ ಹೊಟ್ಟೆಯಲ್ಲಿ ಅಡ್ಡ ತಿರುಗಿದ ಕರುವನ್ನು ನೆಟ್ಟಗೆ ಮಾಡಿ ಬೆಳಕಿಗೆ ತಂದ ಆ ಬಲಗೈಯನ್ನು ಈ ಭಾಗದ ರೈತರು ಇಂದಿಗೂ ನೆನೆಯುತ್ತಾರೆ. ಆ ಕೈಗೆ ಇನ್ನೊಂದು ವಿದ್ಯೆಯೂ ಗೊತ್ತಿತ್ತು. ಹುಕ್ಕೇರಿಯಲ್ಲಿದ್ದಾಗ ಅಲ್ಲಿನ ಕ್ಲಬ್ಬಿನ ಹಳೆಯ ಮೇಜಿನ ಮೇಲೆ ಅವರು ಸ್ನೂಕರ್ ಕಲಿತಿದ್ದರು. ಕಲಿಸಿದ ಗೆಳೆಯ ಪಾಟೀಲ ಕಾಕಾ ಅಂದಿನಿಂದ ಇಂದಿನವರೆಗೂ ಅವರ ಎದುರಾಳಿ. ನಿವೃತ್ತಿಯ ನಂತರವೂ ಪಾಟೀಲ ಕಾಕಾ ರವಿವಾರಕ್ಕೊಮ್ಮೆ ಹುಕ್ಕೇರಿಯಿಂದ ಬಸ್ಸು ಹಿಡಿದು ಬರುವರು. ಇಬ್ಬರೂ ಗೋಕಾಕ ಪೇಟೆಯ ಒಂದು ಮಾಳಿಗೆಯ ಮೇಲಿರುವ ಎರಡು ಮೇಜುಗಳ ಸ್ನೂಕರ್ ಮನೆಗೆ ಹೋಗಿ, ಶಾಲಾ ಹುಡುಗರಂತೆ ಜಗಳಾಡಿಕೊಂಡು ಮಧ್ಯಾಹ್ನದ ಊಟಕ್ಕೆ ಮರಳುವರು.

ಹೀಗಿರುವಾಗ ಒಂದು ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ಬಲಗೈ ಅರ್ಧದಲ್ಲೇ ನಿಂತಿತು. ಲಕ್ವಾ. ಕಾಲು ನಿಧಾನವಾಗಿ ಸರಿಹೋಯಿತು, ತೊದಲುತ್ತಿದ್ದ ಮಾತು ತಿದ್ದಿಕೊಂಡಿತು, ಕೈ ಮಾತ್ರ ಹಿಂದಿರುಗಲಿಲ್ಲ. ನನ್ನ ಗಂಡ ಬಳ್ಳಾರಿಯ ಕಡೆ ಕಾರ್ಖಾನೆಯೊಂದರಲ್ಲಿದ್ದು ರಜೆ ಸಿಕ್ಕಾಗ ಬಂದು ಹೋಗುವವರು. ಹೀಗಾಗಿ ನಾಗನೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ಸಂಜೆಯ ಬಸ್ಸಿಗೆ ಮರಳುವ ನಾನು, ಮತ್ತು ನನ್ನ ಅತ್ತೆ, ಇಬ್ಬರೇ ಆ ದಿನಗಳನ್ನು ನೂಕಿದೆವು.

ಮಾವನವರಿಗೆ ನೋವಿಗಿಂತ ನಾಚಿಕೆಯೇ ಹೆಚ್ಚಾಗಿತ್ತು. ನಮ್ಮಲ್ಲಿ ಎಡಗೈಯ ಬಾಳು ನಿಮಗೆ ಗೊತ್ತೇ ಇದೆ. ಅದು ಕೊಡಬಾರದು, ಇಸಿದುಕೊಳ್ಳಬಾರದು, ಉಣ್ಣಬಾರದು, ಹರಸಬಾರದು. ಅಂಗಡಿಯಲ್ಲಿ ಮರೆತು ಎಡಗೈ ಚಾಚಿದ ಮಗುವಿನ ಕೈಗೆ ತಾಯಿ ಮೆಲ್ಲನೆ ಒಂದೇಟು ಕೊಡುತ್ತಾಳೆ. ಜನ್ಮವಿಡೀ ಬಾಗಿಲಾಚೆ ನಿಲ್ಲಿಸಿದವರನ್ನು ಒಂದು ದಿನ ಇದ್ದಕ್ಕಿದ್ದಂತೆ ಮನೆಯ ಯಜಮಾನಿಕೆಗೆ ಕರೆದರೆ ಕರೆದವರಿಗೂ ಸಂಕೋಚ, ಬಂದವರಿಗೂ ಸಂಕೋಚ. ಮಾವನವರು ತಾಟಿನ ಮುಂದೆ ಕುಳಿತು ಉಣ್ಣದೇ ಏಳುತ್ತಿದ್ದರು.

“ಎಡಗೈಲೆ ಉಣ್ಣೂ ವ್ಯಾಳ್ಯಾ ಬಂತಲ್ಲ ನನಗ” ಎಂದು ಒಮ್ಮೆ ಗೋಡೆಯ ಕಡೆ ಮುಖ ಮಾಡಿ ಅಂದರು.

ಅತ್ತೆ ಗದರಿದರು: “ಹಸಿವಿ ಆಗೂದು ಹೊಟ್ಟಿಗಿ. ಅದಕ್ಕೇನ್ ಗೊತ್ರಿ ಎಡಾ ಬಲಾ?”

ಕೊನೆಗೆ ಕೈಗೂ ತಾಟಿಗೂ ನಡುವೆ ಸಂಧಾನಕ್ಕೆ ಬಂದದ್ದೇ ಆ ಚಮಚ.

ಕೆಲವು ವಾರ ಕಳೆದ ಮೇಲೆ ಪಾಟೀಲ ಕಾಕಾ ಬಂದು, “ಏ ಡಾಕ್ಟರ್, ಎಡಗೈ ಐತಲ್ಲ, ಎಡಗೈಲೆ ಆಡು. ನಡಿ” ಎಂದು ಎಬ್ಬಿಸಿದರು. ಮೆಟ್ಟಿಲಿನ ಭಯಕ್ಕೆ ನಾನೂ ಹಿಂದೆಯೇ ಹೋದೆ. ಅಲ್ಲಿ ನಾನು ಕಂಡದ್ದನ್ನು ಈಗಲೂ ಮರೆಯಲಾರೆ. ಸ್ನೂಕರ್‌ನಲ್ಲಿ ಒಂದು ಕೈ ಹೊಡೆಯುತ್ತದೆ, ಇನ್ನೊಂದು ಕೈ ಮೇಜಿನ ಮೇಲೆ ಊರಿಕೊಂಡು ಕೋಲಿಗೆ ಆಸರೆಯಾಗುತ್ತದೆ. ಮಾವನವರು ತಮ್ಮ ಬಲಗೈಯನ್ನು ಎಡಗೈಯಿಂದ ಎತ್ತಿ, ನಿದ್ದೆಹೋದ ಕೂಸನ್ನು ಹಾಸಿಗೆಗೆ ಇಳಿಸುವಂತೆ, ಹಸಿರು ಬಟ್ಟೆಯ ಮೇಲೆ ಮಲಗಿಸಿದರು. ಅದರ ಬೆರಳುಗಳನ್ನು ಒಂದೊಂದಾಗಿ ಅಗಲಿಸಿದರು. ಆಮೇಲೆ ಎಡಗೈಯಲ್ಲಿ ಕೋಲು ಹಿಡಿದು ಅದರ ಮೇಲೆ ಬಾಗಿದರು. ಇಷ್ಟು ವರ್ಷ ಎಡಗೈ ಆಸರೆಯಾಗಿ ಬಿದ್ದುಕೊಂಡಿತ್ತು, ಬಲಗೈ ಹೊಡೆದು ಹೊಗಳಿಸಿಕೊಂಡಿತ್ತು. ಈಗ ಅವೆರಡೂ ಕೆಲಸ ಬದಲಾಯಿಸಿಕೊಂಡಿದ್ದವು. ಆ ಮೇಜಿನ ಮುಂದೆ ಎಡಗೈಗೆ ಯಾವ ಮೈಲಿಗೆಯೂ ಇರಲಿಲ್ಲ. ಚೆಂಡಿಗೆ ತನ್ನನ್ನು ಯಾವ ಕೈ ಕಳಿಸಿತೆಂಬ ವಿಚಾರ ಬೇಡ.

ಮೊದಮೊದಲು ಚೆಂಡುಗಳು ಎಲ್ಲೆಲ್ಲಿಗೋ ಹೋದವು. ರವಿವಾರಗಳು ಕಳೆದಂತೆ ಒಂದೆರಡು ಮೇಜಿನಂಚಿನ ಪಾಕೆಟ್ಟಿಗೂ ಇಳಿದವು. ಹಾಗೆಯೇ ಒಂದು ದಿನ ಮಾವನವರು ಆಟವನ್ನೇ ಗೆದ್ದರು. ಪಾಟೀಲ ಕಾಕಾ ಚಪ್ಪಾಳೆ ತಟ್ಟಿದರು, ಸ್ನೂಕರ್ ಮನೆಯ ಮಾಲಕ ಸಲೀಮಣ್ಣ ಚಹಾ ತರಿಸಿದರು. ಆದರೆ ಮನೆಗೆ ಬರುವ ಆಟೋದಲ್ಲಿ ಮಾವನವರು ಮುಖ ತಿರುಗಿಸಿ ಕುಳಿತರು. ನಾನು “ಗೆದ್ರೆಲ್ರಿ ಮಾವಾರ” ಎಂದಾಗ ಹೊರಗೆ ನೋಡುತ್ತಲೇ ಹೇಳಿದರು:

“ಕಣ್ಣ ಮುಚ್ಚಿ ಹಾಕೂವಂಥಾ ಚೆಂಡು ಅವಾ ತಪ್ಪಿಸಿದಾ. ಬೇಕಂತ ತಪ್ಪಿಸಿದಾ. ಚೆಂಡ ಅಲ್ಲ ಯವ್ವಾ ಅದು, ನನ್ನ ಎತ್ತಿ ಬಾಜೂ ಇಟ್ಟಾ.”

ನಾನೂ ಅದನ್ನು ಗಮನಿಸಿದ್ದೆ. ಪಾಕೆಟ್ಟಿನ ಬಾಯಲ್ಲೇ ಕುಳಿತಿದ್ದ ಚೆಂಡನ್ನು ತಪ್ಪಿಸಿ ಪಾಟೀಲ ಕಾಕಾ ಹಾಕಿದ “ಛೆ” ಎಂಬ ಉದ್ಗಾರ ಕೊಂಚ ಉದ್ದವಾಗಿತ್ತು. ಪ್ರೀತಿಯಿಂದಲೇ ಮಾಡಿದ್ದು, ಸಂಶಯವಿಲ್ಲ. ಆದರೆ ಸೋಲಲು ಬಂದವನ ಎದುರು ಗೆಲ್ಲುವುದೆಂದರೆ ಖಾಲಿ ಮನೆಯ ಬಾಗಿಲು ಬಡಿದಂತೆ. ಮುಂದಿನ ರವಿವಾರ ಮಾವನವರು ಮೈಯಲ್ಲಿ ಹುಷಾರಿಲ್ಲವೆಂದರು. ಅದರ ಮುಂದಿನ ವಾರವೂ ಅದನ್ನೇ ಹೇಳಿದರು. ಪಾಟೀಲ ಕಾಕಾ ಬರುವುದು ನಿಂತಿತು. ಮಾವನವರು ಮತ್ತೆ ಗೋಡೆಯ ಕಡೆ ಮುಖ ಮಾಡಿದರು.

ಒಂದು ಸಂಜೆ ನಾನು ಶಾಲೆಯಿಂದ ಬಂದು ಚೀಲ ಇಳಿಸುತ್ತಿರುವಾಗ ಅವರೇ ಕೇಳಿದರು: “ನೀ ಆಡ್ತಿಯೇನು ನನ್ನ ಕೂಡ?”

“ನನಗೆಲ್ಲಿ ಬರತೈತ್ರಿ ಮಾವಾರ?”

“ಬರಲಾರದವ್ರ ಬೇಕಾಗ್ಯಾರ ನನಗ.”

ಹೀಗೆ ಗೋಕಾಕದ ಆ ಮಾಳಿಗೆಯ ಮೇಲೆ, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ವಿಜ್ಞಾನದ ಟೀಚರೊಬ್ಬಳು ಸ್ನೂಕರ್ ಕಲಿಯತೊಡಗಿದಳು. ಮೊದಲು ಕೆಲವರು ಆಟ ನಿಲ್ಲಿಸಿ ನೋಡಿದರು. ಸಲೀಮಣ್ಣ “ನಿಮ್ಮ ನಿಮ್ಮ ಆಟಾ ಆಡ್ರೆಪಾ” ಎಂದು ಅವರನ್ನು ತಿರುಗಿಸಿದರು. ಬಡಿದ ಚೆಂಡು ಯಾವ ಕೋನದಲ್ಲಿ ಸಿಡಿಯುತ್ತದೆಂದು ಫಲಕದ ಮೇಲೆ ಗೆರೆ ಎಳೆದು ಹೇಳಿಕೊಡುವ ನನಗೆ ಹತ್ತಿರದ ಚೆಂಡನ್ನೂ ಮುಟ್ಟಿಸಲು ಬರುತ್ತಿರಲಿಲ್ಲ. ನಾನು ತಪ್ಪಿದಾಗಲೆಲ್ಲ ಮಾವನವರ ಮುಖದಲ್ಲಿ ಒಂದು ನೆಮ್ಮದಿ ಮೂಡುತ್ತಿತ್ತು. ನನ್ನ ತಪ್ಪಿನಲ್ಲಿ ಕಲಬೆರಕೆ ಇರಲಿಲ್ಲ. ಅವರು ಎಡಗೈಗೆ ಹೊಸಬರು, ನಾನು ಎರಡೂ ಕೈಗೆ ಹೊಸಬಳು.

ತಿಂಗಳುಗಳು ಉರುಳಿದವು. ಮಾವನವರು ಚಲೋ ಆಡತೊಡಗಿದರು. ಅವರ ಹಿಂದೆ ತೆವಳುತ್ತ ನಾನೂ ಒಂದಿಷ್ಟು ಕಲಿತೆ. ಒಂದು ಶನಿವಾರ ಮೇಜಿನ ಮೇಲೆ ಕಪ್ಪು ಚೆಂಡೊಂದೇ ಉಳಿಯಿತು. ಅದನ್ನು ಹಾಕಿದವರಿಗೆ ಆಟ. ಸರದಿ ನನ್ನದು. ಕೋಲಿನಿಂದ ಹೊಡೆಯುವ ಬಿಳಿ ಚೆಂಡು, ಕಪ್ಪು ಚೆಂಡು, ಮೂಲೆಯ ಪಾಕೆಟ್ಟು, ಮೂರೂ ಒಂದೇ ಗೆರೆಯಲ್ಲಿದ್ದವು. ಇದಕ್ಕಿಂತ ಸುಲಭದ ಚೆಂಡು ಇಲ್ಲ. ಬಾಗಿದೆ, ಹೊಡೆದೆ. ಕಪ್ಪು ಚೆಂಡು ಪಾಕೆಟ್ಟಿನ ತುಟಿಗೆ ತಗುಲಿ ಅತ್ತಿತ್ತ ಅಲುಗಾಡಿ ಹೊರಗೇ ನಿಂತಿತು.

ಸುಲಭದ್ದು ಏಕೆ ತಪ್ಪುತ್ತದೆ ಎಂದು ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ಮನೆ ತುಂಬ ಬೀಗರು ಬಂದ ದಿನ ಕೆಡದ ಅಡುಗೆ, ನಮಗಷ್ಟೇ ಅನ್ನಕ್ಕಿಟ್ಟ ದಿನ ಸೀಯುತ್ತದೆ. ಕಷ್ಟದ್ದರ ಮುಂದೆ ನಾವು ಪೂರ್ತಿ ಹಾಜರಿರುತ್ತೇವೆ. ಸುಲಭದ್ದನ್ನು ಆಗಿಹೋಯಿತೆಂದೇ ಎಣಿಸಿ ಮನಸ್ಸು ಮುಂದಕ್ಕೆ ಓಡಿಬಿಡುತ್ತದೆ, ಕೈಯೊಂದೇ ಹಿಂದೆ ಉಳಿಯುತ್ತದೆ. ಆದರೆ ಆ ಗಳಿಗೆಯಲ್ಲಿ ಇಂಥ ತತ್ವ ಯಾರಿಗೆ ಬೇಕಿತ್ತು? ಮಾವನವರು ಕೋಲನ್ನು ಗೋಡೆಗೆ ಆನಿಸಿ ನನ್ನತ್ತ ನೋಡಿದರು.

“ನೀನೂ ಕಲತ್ಯಾ ಪಾಟೀಲನ ಬುದ್ಧಿ?”

“ಇಲ್ರಿ ಮಾವಾರ! ಖರೇನ ತಪ್ಪೇತ್ರಿ!”

“ಅಂಥಾ ಚೆಂಡು ಯಾರ್ ತಪ್ಪಸ್ತಾರ?” ಎಂದವರೇ ಗೋಡೆ ಹಿಡಿದು ಮೆಟ್ಟಿಲಿಳಿಯತೊಡಗಿದರು. ನನ್ನ ಕೈಯನ್ನು ಹಿಡಿಯಲಿಲ್ಲ.

ಬೇಕೆಂದೇ ಮಾಡಿದ್ದರೆ ಕ್ಷಮೆ ಕೇಳಬಹುದಿತ್ತು. ಮಾಡದಿರುವುದನ್ನು ಯಾವ ಸಾಕ್ಷಿ ತಂದು ತೋರಿಸಲಿ? ಮನೆಯಲ್ಲಿ ಮಾತು ನಿಂತಿತು. ಚಹಾ ಕೊಟ್ಟರೆ ಕುಡಿಯುವರು, ಕಪ್ ಕೆಳಗಿಟ್ಟು ಪೇಪರಿನ ಹಿಂದೆ ಮರೆಯಾಗುವರು. ಬಂಧು, ಗೆಳೆಯ, ವೈದ್ಯ ಎಲ್ಲರೂ ಮೆಲ್ಲಗೆ ಮಾತಾಡುವ ಲೋಕದಲ್ಲಿ ಅವರಿಗೆ ಒಬ್ಬಳೇ ನಂಬಿಕೆಯ ಎದುರಾಳಿ ಇದ್ದಳು. ಅವಳೂ ಹೋದಳು ಎಂಬಂತಿತ್ತು ಅವರ ಮುಖ. ನನಗೆ ಪಾಠ ಮಾಡುವಾಗಲೂ ಆ ಕಪ್ಪು ಚೆಂಡೇ ಕಣ್ಣ ಮುಂದೆ.

ಈ ಗಂಟನ್ನು ಬಿಡಿಸಿದವರು ಅತ್ತೆ. ಸಂಗತಿ ಕೇಳಿ ತಿಳಿದುಕೊಂಡು, ರೊಟ್ಟಿ ಬಡಿಯುತ್ತಲೇ ಒಳಗಿನಿಂದ ದೊಡ್ಡ ದನಿಯಲ್ಲಿ ಅಂದರು: “ಅಕಿ ಹಾಲ ಉಕ್ಕಸೂದ ನೋಡೀರಿ, ಪಲ್ಯಾಕ ಉಪ್ಪ ಮರಿಯೂದ ನೋಡೀರಿ. ನಿಮಗ ಗೊತ್ತಾಗಧಂಗ ಬೇಕಂತ ತಪ್ಪಸಾಕ ಅಷ್ಟ ಶಾಣ್ಯಾಕಿ ಅಲ್ರಿ ಅಕಿ!”

ಸೊಸೆಯ ಪರವಾಗಿ ಇಂಥ ವಕಾಲತ್ತು ಯಾವ ಅತ್ತೆಯೂ ಮಾಡಿರಲಿಕ್ಕಿಲ್ಲ. ಪೇಪರು ಮೆಲ್ಲಗೆ ಕೆಳಗಿಳಿಯಿತು.

“ನಡಿ” ಎಂದರು ಮಾವನವರು. “ಅದ ಚೆಂಡು ಅಲ್ಲೇ ಇಡ್ತೇನಿ. ಹಾಕಿ ತೋರಸು.”

ಹಾಕಿ ತೋರಿಸಿದರೆ ಅಂದು ಬೇಕೆಂದೇ ತಪ್ಪಿಸಿದಂತಾಗುತ್ತದೆ. ತಪ್ಪಿದರೆ ಇಂದೂ ನಾಟಕವಾಗುತ್ತದೆ. ಈ ಇಕ್ಕಟ್ಟಿನಲ್ಲೇ ಮಾಳಿಗೆ ಹತ್ತಿ, ಬಾಗಿ ಹೊಡೆದೆ. ತಪ್ಪಿತು. ಅವರು ಎಡಗೈಯಿಂದ ಚೆಂಡನ್ನು ಅಲ್ಲಿಯೇ ಇಟ್ಟರು. ಈ ಸಲ ಹಾಕಿಯೇ ತೀರಬೇಕೆಂದು ಹಲ್ಲು ಕಚ್ಚಿ ಹೊಡೆದೆ. ಚೆಂಡು ಪಾಕೆಟ್ಟಿಗೆ ಬೆನ್ನು ತಿರುಗಿಸಿ ಹೋಯಿತು. ಮತ್ತೆ ಇಟ್ಟರು, ಮತ್ತೆ ತಪ್ಪಿತು. ಪಕ್ಕದ ಮೇಜಿನವರು ಆಟ ನಿಲ್ಲಿಸಿ ಸುತ್ತ ನೆರೆದರು. ಅವಮಾನಕ್ಕೋ ಸಿಟ್ಟಿಗೋ ನನ್ನ ಕಣ್ಣಲ್ಲಿ ನೀರು ತುಂಬಿ, ಒಂದು ಕಪ್ಪು ಚೆಂಡು ಎರಡಾಗಿ ಕಾಣತೊಡಗಿತು. ಎರಡರ ನಡುವೆ ಹೊಡೆದೆ.

ಆಗ ಮಾವನವರು ನಕ್ಕರು. ಲಕ್ವಾ ಬಂದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಮೇಜಿಗೆ ಒರಗಿ, ಹೊಟ್ಟೆ ಹಿಡಿದು, “ಸಲೀಮಣ್ಣಾ, ಇಕಿಗಿ ಖರೇನ ಬರಂಗಿಲ್ಲೋ!” ಎಂದು ಕೂಗಿದರು. ಅಳುತ್ತಿದ್ದ ನಾನೂ ನಕ್ಕುಬಿಟ್ಟೆ. ದಡ್ಡಿಯೆಂದು ರುಜುವಾತಾಗಿ ಅಷ್ಟು ಸಂತೋಷಪಟ್ಟದ್ದು ನನ್ನ ಬಾಳಿನಲ್ಲಿ ಅದೇ ಮೊದಲು.

“ಹೊಡಿಯೂಕಿಂತ ಮೊದಲ ತಲಿ ಎತ್ತಾಕತ್ತಿ” ಎಂದರು ನಗು ನಿಂತ ಮೇಲೆ. “ಹೋತೋ ಇಲ್ಲೋ ನೋಡೂ ಗಡಿಬಿಡಿ ನಿನಗ.” ಹತ್ತಿರ ಬಂದು, ಬಾಗಿದ್ದ ನನ್ನ ತಲೆಯ ಮೇಲೆ ಕೈ ಇಟ್ಟರು. “ಮನ್ಯಾಗ, ಸಾಲ್ಯಾಗ ಬೇಕಾದಷ್ಟ ತಲಿ ಎತ್ತು. ಇಲ್ಲಿ ಮಾತ್ರ ಒಂದೀಟ ತಗ್ಗಸು.”

ಹೊಡೆದೆ. ಕಪ್ಪು ಚೆಂಡು ಸದ್ದಿಲ್ಲದೆ ಇಳಿಯಿತು. ಮಾವಂದಿರು ಸೊಸೆಯ ತಲೆ ಮುಟ್ಟುವುದು ನಮ್ಮಲ್ಲಿ ಕಾಲಿಗೆ ಬಿದ್ದಾಗ ಹರಸಲಷ್ಟೇ, ಅದೂ ಬಲಗೈಯಿಂದ. ನನ್ನ ತಲೆಯ ಮೇಲೆ ಇದ್ದದ್ದು ಎಡಗೈ ಎಂಬುದು ಮೆಟ್ಟಿಲಿಳಿಯುವಾಗ ಹೊಳೆಯಿತು. ಅವರಿಗೆ ಅದು ಹೊಳೆದಂತೆ ಕಾಣಲಿಲ್ಲ.

ಆಮೇಲೆ ನಾನು ತಲೆ ತಗ್ಗಿಸುವುದನ್ನು ಕಲಿತೆ, ಮತ್ತು ಒಂದು ಸಂಜೆ ಮಾವನವರನ್ನು ನಿಜಕ್ಕೂ ಸೋಲಿಸಿದೆ. ಅವರು ಕ್ಷಣಕಾಲ ಖಾಲಿ ಮೇಜನ್ನೇ ನೋಡುತ್ತ ನಿಂತರು. ಆಮೇಲೆ ಜೇಬಿನಿಂದ ಫೋನು ತೆಗೆದು ಹುಕ್ಕೇರಿಗೆ ಹಚ್ಚಿದರು.

“ಏ ಪಾಟೀಲ, ನನ್ನ ಸೊಸಿ ಇವತ್ತ ನನ್ನ ಸೋಲಿಸಿದ್ಲೋ. ಖರೇನ ಸೋತ್ನಿ. ಕೇಳಾಕತ್ತಿಯಿಲ್ಲೋ? ಸೋಲಸೂದಿದ್ರ ರವಿವಾರ ಬಾ. ಇಲ್ಲಾಂದ್ರ ಬರಬ್ಯಾಡ.”

ಆ ಕಡೆಯಿಂದ ಪಾಟೀಲ ಕಾಕಾ, “ಬರ್ತೇನಿ. ಅಳಬ್ಯಾಡ ಮತ್ತ” ಎಂದರು.

ರವಿವಾರ ಬಂದರು. ಮಾವನವರು ತಮ್ಮ ಬಲಗೈಯನ್ನು ಎತ್ತಿ ಮೇಜಿನ ಮೇಲಿಟ್ಟುಕೊಂಡು ಕೈಲಾದಷ್ಟು ಆಡಿದರು. ಒಂದು ಸುಲಭದ ಕೆಂಪು ಚೆಂಡು ತಪ್ಪಿದಾಗ ತಮ್ಮನ್ನೇ ಬಯ್ದುಕೊಂಡು ಸರಿದು ನಿಂತರು. ಅಲ್ಲಿಂದ ಮುಂದೆ ಪಾಟೀಲ ಕಾಕಾ ಮಾವನವರಿಗೆ ಸರದಿಯನ್ನೇ ಬಿಡಲಿಲ್ಲ. ಒಂದಾದ ಮೇಲೊಂದು ಚೆಂಡು ಇಳಿಯುತ್ತ ಹೋಯಿತು. ಮೇಜಿನ ಈಚೆ ಬದಿಗೆ ಕುಳಿತಿದ್ದ ನನಗೆ ಬಾಗಿದ ಪಾಟೀಲ ಕಾಕಾರ ಮುಖ ಕಾಣುತ್ತಿತ್ತು. ಕಣ್ಣುಗಳು ತುಂಬಿ ಬಂದಿದ್ದವು. ಕೈ ಮಾತ್ರ ಒಂದು ಚೆಂಡನ್ನೂ ತಪ್ಪಿಸಲಿಲ್ಲ.