ತೊಟ್ಟಿಲಿನ ಪುಂಡಿ ಹಗ್ಗ

ಪಕ್ಕದ ಮನೆಯ ಅತ್ತೆಯ ಬೆರಳುಗಳು ವರ್ಷದಲ್ಲೊಂದು ತಿಂಗಳು ಕರ್ರಗಿರುತ್ತಿದ್ದವು. ಉಗುರಿನ ಸಂದಿಯಲ್ಲಿ ಕೊಳೆತ ಪುಂಡಿ ಸಿಪ್ಪೆ, ಮೈಗೆಲ್ಲ ಹೊಳೆಯ ಮಡುವಿನ ನಾತ. ಆಗ ಅವರು ಹಂಪಿಯ ನಮ್ಮ ಪುಟ್ಟ ಅಂಗಡಿಗೆ ಬಂದರೆ ಊರು ನೋಡಲು ಬಂದ ಗಿರಾಕಿಗಳು ಮೂಗು ಹಿಡಿದು ಸರಿಯುತ್ತಿದ್ದರು. "ಸರೀಲಿ ಬಿಡು, ಕುಂದ್ರಾಕ ಜಾಗ ಆತು," ಎಂದು ಕಟ್ಟೆಯ ಮೇಲೆ ಕೂತೇಬಿಡುತ್ತಿದ್ದರು.

ಅತ್ತೆ ಎಂದು ಕರೆದರೂ ಬಂಧುವಲ್ಲ. ಗಂಡ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಪಾಳಿಗೆ ಹೋದ ಮೇಲೆ ನನಗೆ ಮಾತಾಡಲು ಇದ್ದ ಒಂದೇ ಜೀವ. ಬಾಳೆತೋಟದ ಬದುವಿನಲ್ಲಿ ಅವರು ಪುಂಡಿ ಬೆಳೆಯುತ್ತಿದ್ದರು. ಎಳೆಯದರ ಸೊಪ್ಪು ಪಲ್ಯಕ್ಕೆ. ಬಲಿತ ಮೇಲೆ ಕಡ್ಡಿ ಕೊಯ್ದು, ಕಟ್ಟು ಕಟ್ಟಿ, ಕಲ್ಲು ಹೇರಿ ಮಡುವಿನಲ್ಲಿ ಮುಳುಗಿಸುವರು. ಸಿಪ್ಪೆ ಸಡಿಲಾದಾಗ ನಾರು ಸುಲಿದು, ಒಣಗಿಸಿ ಹಗ್ಗ ಹೊಸೆಯುವರು. ದನದ ಕಣ್ಣಿ, ಹೊರಸಿನ ನುಲಿ, ಗೆಸ್ಟ್ ಹೌಸಿನವರ ಉಯ್ಯಾಲೆ, ಎಲ್ಲಕ್ಕೂ ಅದೇ. ಒಂದು ದಿನ ಹೆಚ್ಚು ನೆನೆದರೂ ನಾರು ಕೆಡುತ್ತದೆ. ಅದಕ್ಕೇ ದಿನಾ ನೀರಿಗಿಳಿದು ಒಂದು ಎಳೆ ಕಿತ್ತು ಹಲ್ಲಿನಲ್ಲಿ ಕಚ್ಚಿ ನೋಡುವರು. ಇಳಿಯುವಾಗ ಸೊಂಟಕ್ಕೊಂದು ಹಗ್ಗ, ಅದರ ಇನ್ನೊಂದು ತುದಿ ದಡದ ಬಂಡೆಗೆ. ಅದು ಯಾವತ್ತೂ ಹೋದ ವರ್ಷದ ಪುಂಡಿಯದೇ.

"ನೀರು ಕುಡದಷ್ಟೂ ಗಂಟು ಬಿಗಿ ಆಗತೈತಿ. ನಿನ್ನ ಅಂಗಡಿ ಹಗ್ಗಕ್ಕ ಬಣ್ಣ ಐತಿ, ನಿಯತ್ತಿಲ್ಲ," ಎಂದು ನಮ್ಮ ನೀಲಿ ಪ್ಲಾಸ್ಟಿಕ್ ಸುರುಳಿಯನ್ನು ಕಾಲಿನಿಂದ ಸರಿಸುತ್ತಿದ್ದರು. ಗಿರಾಕಿಗಳ ಮುಂದೆಯೇ ಹಾಗೆ ಹೇಳಿದರೆ ನನಗೆ ಉರಿಯುತ್ತಿತ್ತು.

ನನ್ನ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಜಂತಿಗೆ ಆ ನೀಲಿ ಹಗ್ಗವನ್ನೇ ಬಿಗಿದಿದ್ದೆ. ಅತ್ತೆ ಬಂದವರೇ ಅದನ್ನು ಬಿಚ್ಚಿದರು. ಮನೆಗೆ ಹೋಗಿ ತಮ್ಮ ಸೊಂಟದ ಹಗ್ಗ ತಂದು ಕಟ್ಟಿದರು. ಶಾಸ್ತ್ರದ ಗುಂಡುಕಲ್ಲನ್ನು ಮೊದಲು ಮಲಗಿಸಿ, ತೂಗಿ, ಗಂಟು ಮುಟ್ಟಿ ನೋಡಿದರು.

"ಕೂಸಿಗೆ ಜಾರೋ ಹಗ್ಗ ಬ್ಯಾಡವ್ವ."

"ಮತ್ತ ಮಡುವಿಗೆ ಇಳಿಯೂವಾಗ ನಿಮಗ?"

"ಉಳಿದದ್ದೆಲ್ಲ ಮಾರಿ ಆಗೈತಿ, ಹೊಸಾ ನಾರು ನೀರಾಗ ಐತಿ. ಅದು ಬರೂತನ ನಿನ್ನ ನೀಲಿದ ಒಂದೀಟು ಕೊಡು. ನಡಿತೈತಿ."

ನಾನೇ ಕತ್ತರಿಸಿ ಕೊಟ್ಟೆ.

ಅದೇ ವಾರ ಮೇಲೆಲ್ಲೋ ಮಳೆ ಸುರಿಯಿತು. ಡ್ಯಾಮಿನ ಗೇಟು ಎತ್ತುತ್ತಾರೆ, ಹೊಳೆಗೆ ಇಳಿಯಬೇಡಿ ಎಂದು ಮೈಕ್ ಕಟ್ಟಿದ ಆಟೋ ಕೂಗಿ ಹೋಯಿತು. ಮುಂಜಾನೆ ಬಾಗಿಲು ತೆಗೆದರೆ ಏನೋ ಕಮ್ಮಿಯೆನಿಸಿತು. ಬಂಡೆಗಳ ನಡುವೆ ಹಗಲಿರುಳು ಮೊರೆಯುವ ಹೊಳೆಯ ಸದ್ದೇ ಇಲ್ಲ. ನೀರೇರಿ, ಆ ಸದ್ದೆಬ್ಬಿಸುವ ಬಂಡೆಗಳೇ ಮುಳುಗತೊಡಗಿದ್ದವು. ಅತ್ತೆ ಸೀರೆ ಮೇಲೆ ಕಟ್ಟಿ, ನೀಲಿ ಹಗ್ಗ ಹೆಗಲಿಗೆ ಹಾಕಿ ಹೊರಟಿದ್ದರು.

"ಹೋಗಬ್ಯಾಡ್ರಿ ಅತ್ತಿ. ನೀರು ಭಾಳ ಐತಿ."

"ನಾರು ಇವತ್ತ ಹದಕ್ಕ ಬಂದೈತಿ. ಮೈಕಿನವ ವರ್ಷಾ ಒದರತಾನ. ಎರಡ ಕಟ್ಟು, ಎಳಕೊಂಡು ಜಲ್ದಿ ಬರ್ತೀನಿ."

ಕೂಸು ಅಳುತ್ತಿತ್ತು, ನಾನು ಒಳಗೆ ಹೋದೆ. ಮಲಗಿಸಿ ದಡಕ್ಕೆ ಓಡಿದಾಗ ಒಂದು ಕಟ್ಟು ಮೇಲೆ ಬಿದ್ದಿತ್ತು, ನೀರು ಸೋರುತ್ತ. ನೀಲಿ ಹಗ್ಗ ಬಂಡೆಗೆ ಕಟ್ಟಿದಂತೆಯೇ ಇತ್ತು. ಎಳೆದೆ. ಹಗುರಾಗಿ ಬಂತು. ಎಲ್ಲೂ ಕಡಿದಿರಲಿಲ್ಲ, ಸೊಂಟದ ಗಂಟು ಜಾರಿಹೋಗಿತ್ತು, ಅಷ್ಟೆ.

ಹೊಳೆಯ ಕೆಳಹರಿವಿನಲ್ಲಿ, ಕಂಪ್ಲಿ ಕಡೆ ಸಿಕ್ಕರು. ಮಣ್ಣು ಮಾಡಿ ಬಂದ ಮೇಲೆ ಆ ಕಟ್ಟನ್ನು ನಾನೇ ಸುಲಿಯಲು ಕೂತೆ. ನನಗೆ ಬಾರದ ಕೆಲಸ, ಅರ್ಧ ಹಾಳಾಯಿತು. ನನ್ನ ಬೆರಳುಗಳೂ ಕಪ್ಪಾದವು. ನೀಲಿ ಹಗ್ಗ ಮಾರುವುದನ್ನು ಬಿಟ್ಟೆ.

ಈಗ ಮಗಳು ಓಡಾಡುತ್ತಾಳೆ. ಮೊನ್ನೆ ತೊಟ್ಟಿಲು ಇಳಿಸೋಣವೆಂದರೆ ಗಂಟು ಬಿಚ್ಚಲಿಲ್ಲ. ಮಳೆಗಾಲದ ಥಂಡಿಗೆ ಅದು ಇನ್ನಷ್ಟು ಬಿಗಿದಿತ್ತು. ಹೊರಗೆ ಮೈಕಿನ ಆಟೋ ಕೂಗುತ್ತಿತ್ತು. ಗಂಡ ಕೊಯ್ಯಲು ಕುಡುಗೋಲು ತಂದ. ಅವನ ಕೈ ಹಿಡಿದೆ.

"ಇರ್ಲಿ ಬಿಡ್ರಿ. ಅತ್ತಿ ಕಟ್ಟಿದ್ದು."